ನಾಯಿಯ ಚಿಗಟದ ಔಷಧಿ ಬೆಕ್ಕಿಗೆ ಹಾಕ್ಬೇಡಿ, ನಮ್ಮ ಗುಂಡನಿಗೆ ಆಗಿದ್ದು ಇನ್ನೊಂದು ಬೆಕ್ಕಿಗೆ ಆಗೋದು ಬೇಡ

ಕಥೆ ಆಮೇಲೆ ಹೇಳ್ತೀನಿ, ಮೊದಲು ವಿಷಯ ಹೇಳಿಬಿಡ್ತೀನಿ. ನಾಯಿಗೆ ಅಂತ ಬರೋ ಚಿಗಟ, ಉಣ್ಣೆ ಔಷಧಿನ ದಯವಿಟ್ಟು ಬೆಕ್ಕಿಗೆ ಹಾಕ್ಬೇಡಿ. ಅರ್ಧ ಹಾಕಿದ್ರೆ ಏನಾಗಲ್ಲ, ಒಂದೆರಡು ಹನಿ ತಾನೇ ಅಂತನೂ ಅಂದ್ಕೋಬೇಡಿ. ಪ್ಯಾಕೆಟ್ ಮೇಲೆ ಪರ್ಮೆಥ್ರಿನ್ ಅನ್ನೋ ಹೆಸರು ಕಂಡ್ರೆ ಅದು ಬೆಕ್ಕಿನ ಪಾಲಿಗೆ ವಿಷ ಅಂತಲೇ ತಿಳ್ಕೊಳ್ಳಿ. ನನಗೆ ಇದು ಗೊತ್ತಾಗಿದ್ದು ನಮ್ಮ ಗುಂಡ ಅಡುಗೆಮನೆ ನೆಲದ ಮೇಲೆ ಫಿಟ್ಸ್ ಬಂದು ಒದ್ದಾಡಿದ ರಾತ್ರಿ. ಇನ್ನೊಂದು ವಿಷಯನೂ ಆಮೇಲೇ ಗೊತ್ತಾಯ್ತು, ನಾನು ಚಿಗಟದ ಹಿಂದೆ ಬಿದ್ದಿದ್ದ ಅಷ್ಟೂ ತಿಂಗಳು ಅವನ ಕಿಡ್ನಿ ಹಾಳಾಗ್ತಾ ಇತ್ತು ಅಂತ.

ಗುಂಡನಿಗೆ ಸುಮಾರು 11 ವರ್ಷ. ಮರಿ ಇದ್ದಾಗ ತಾನಾಗೇ ಬಂದು ಸೇರ್ಕೊಂಡವನು. ಆಪರೇಷನ್ ಮಾಡ್ಸಿದೀವಿ, ಆದ್ರೂ ಮನೆಯೊಳಗೆ ಇರೋ ಬೆಕ್ಕಲ್ಲ ಅವನು, ಬೆಳಗ್ಗೆ ತಿಂದು ಕಾಂಪೌಂಡ್ ಹಾರಿದ್ರೆ ಮತ್ತೆ ಬರೋದು ಕತ್ತಲಾದ ಮೇಲೇನೇ. ದುಂಡಗೆ ಇದ್ದ ಅಂತಲೇ ಗುಂಡ ಅಂತ ಹೆಸರಿಟ್ಟಿದ್ದು. ಈಗ ಆರೇಳು ತಿಂಗಳಿಂದ ಇಳಿದು ಹೋಗ್ತಾ ಇದ್ದ. ಬೆನ್ನ ಮೇಲೆ ಕೈ ಆಡ್ಸಿದ್ರೆ ಬೆನ್ನುಮೂಳೆ ಒಂದೊಂದೂ ಮಣಿ ಮಣಿ ಥರ ಕೈಗೆ ಸಿಗ್ತಿತ್ತು, ಕೂದಲು ಜಿಡ್ಡು ಜಿಡ್ಡಾಗಿ ಗಂಟು ಕಟ್ಟಿತ್ತು, ಬಾಲದ ಬುಡದ ಹತ್ರ ನೆಕ್ಕಿ ನೆಕ್ಕಿ ಬೋಳು ಮಾಡ್ಕೊಂಡಿದ್ದ. ಅದೇ ಟೈಮಿಗೆ ಹೊಸದೊಂದು ಗಂಡುಬೆಕ್ಕು ಬೇರೆ ಈ ಕಡೆ ಓಡಾಡೋಕೆ ಶುರು ಮಾಡಿತ್ತು, ರಾತ್ರಿಯೆಲ್ಲಾ ಜಗಳ, ಗುಂಡ ಬೀರು ಹಿಂದೆ ಹೋಗಿ ಬಚ್ಚಿಟ್ಕೊಳ್ಳೋನು, ಸಣ್ಣ ಸದ್ದಾದ್ರೂ ಬೆಚ್ಚಿ ಬೀಳೋನು.

ಎಲ್ಲದಕ್ಕೂ ನನ್ನ ಹತ್ರ ಒಂದೊಂದು ಉತ್ತರ ಇತ್ತು. ಸಣ್ಣ ಆಗಿರೋದು ಜಂತುಹುಳಕ್ಕೆ, ಕೆರ್ಕೊಳ್ಳೋದು ಚಿಗಟಕ್ಕೆ, ಬಚ್ಚಿಟ್ಕೊಳ್ಳೋದು ಆ ಹೊಸ ಬೆಕ್ಕಿನ ಭಯಕ್ಕೆ. ಇದ್ರಲ್ಲಿ ಸುಳ್ಳೂ ಇರ್ಲಿಲ್ಲ. ಬಾಚಣಿಗೆಯಲ್ಲಿ ಬಾಚಿದಾಗ ಉದುರಿದ ಕರಿ ಪುಡಿನ ಒದ್ದೆ ಟಿಶ್ಯೂ ಮೇಲೆ ಇಟ್ಟು ನೋಡ್ದೆ, ಸುತ್ತ ಕೆಂಪು ಕಂದು ಬಣ್ಣ ಬಿಡ್ತು, ಅದು ಚಿಗಟದ ಹಿಕ್ಕೆ, ಅಂದ್ರೆ ಬೆಕ್ಕಿನದೇ ರಕ್ತ ಜೀರ್ಣ ಆಗಿ ಬಂದಿರೋದು. ಬಾಲದ ಕೆಳಗೆ ಸೌತೆಕಾಯಿ ಬೀಜದ ಥರ ಬಿಳಿ ಚೂರುಗಳು ಅಂಟಿದ್ವು, ಅದು ಲಾಡಿಹುಳದ ತುಂಡು, ಮೈ ನೆಕ್ಕುವಾಗ ಚಿಗಟ ನುಂಗಿದ್ರೆ ಆ ಹುಳ ಹೊಟ್ಟೆಗೆ ಹೋಗುತ್ತೆ. ಹಂಗಾಗಿ ನನಗೆ ಸಾಕ್ಷಿನೇ ಸಿಕ್ಕಿದಂಗಾಯ್ತು, ಕಾಯಿಲೆ ಏನು ಅಂತ ಗೊತ್ತಾಯ್ತಲ್ಲ ಇನ್ನೇನು ಅಂತ ಡಾಕ್ಟ್ರ ಹತ್ರ ಹೋಗ್ಲೇ ಇಲ್ಲ.

ಒಂದು ಮಾತ್ರ ಉತ್ತರಕ್ಕೆ ಸಿಗದೇ ಉಳಿದಿತ್ತು, ಅದನ್ನ ನಾನು ಕಂಡೂ ಕಾಣದಂಗೆ ಬಿಟ್ಟೆ. ಅವನು ನೀರು ಕುಡೀತಿದ್ದ. ಮೊದಲೆಲ್ಲ ಬೆಕ್ಕು ನೀರು ಕುಡಿಯೋದನ್ನ ನೋಡಿದ್ದೇ ಅಪರೂಪ, ಈಗ ಬಕೆಟ್ ಹತ್ರ, ಹೂಕುಂಡದ ತಟ್ಟೆ ಹತ್ರ, ಎಲ್ಲಿ ನೋಡಿದ್ರೂ ಬಗ್ಗಿ ಕುಡೀತಾ ನಿಂತಿರೋನು. ಸೆಖೆಗೆ ಇರ್ಬೇಕು ಅಂದ್ಕೊಂಡೆ. ಒಳಗಡೆ ಇರೋ ಬೆಕ್ಕಾದ್ರೆ ಲಿಟರ್ ಟ್ರೇ, ಅಂದ್ರೆ ಅದು ಉಚ್ಚೆ ಕಕ್ಕ ಮಾಡೋ ಮರಳಿನ ತಟ್ಟೆ, ಕ್ಲೀನ್ ಮಾಡೋವಾಗ ಉಚ್ಚೆಯಿಂದ ಕಟ್ಟಿದ ಉಂಡೆ ದೊಡ್ಡದಾಗಿದೆ, ಎರಡು ಇರೋ ಕಡೆ ನಾಲ್ಕಿದೆ ಅಂತ ಕೈಗೇ ಗೊತ್ತಾಗುತ್ತೆ, ಹೊರಗಡೆ ಹೋಗೋ ಬೆಕ್ಕು ಎಷ್ಟು ಉಚ್ಚೆ ಹೊಯ್ಯುತ್ತೆ ಅಂತ ನೋಡೋರು ಯಾರು? ಹೊರಗಿನ ಬೆಕ್ಕುಗಳಲ್ಲಿ ಕಿಡ್ನಿ ಕಾಯಿಲೆ ತಡವಾಗಿ ಸಿಕ್ಕೋದು ಹಿಂಗೇನೇ ಅಂತ ಡಾಕ್ಟ್ರು ಆಮೇಲೆ ಹೇಳಿದ್ರು.

ಆ ದಿನ ನಾನು ಮಾಡಿದ್ದನ್ನ ಇದ್ದಂಗೇ ಹೇಳ್ತೀನಿ. ರಜಾ ದಿನ, ಇವತ್ತು ಎಲ್ಲಾ ಮುಗಿಸ್ಬಿಡೋಣ ಅಂತ ಬೆಳಗ್ಗೆ ಅವನನ್ನ ಹಿಡಿದು ಸ್ನಾನ ಮಾಡ್ಸಿದೆ, ಅವನು ಕಿರುಚಾಡಿ ನನ್ನ ತೋಳೆಲ್ಲ ಪರಚಿದ, ಮಧ್ಯಾಹ್ನ ಹುಳದ ಮಾತ್ರೆನ ಬಾಯಿ ತೆಗೆಸಿ ತುರುಕಿದೆ, ಅದರಲ್ಲಿ ಅರ್ಧ ನೊರೆ ನೊರೆಯಾಗಿ ಹೊರಗೆ ಬಂತು, ಸಂಜೆ ತಂಗಿ ಮನೆ ನಾಯಿಗೆ ತಂದು ಉಳಿದಿದ್ದ ಟ್ಯೂಬು ಇತ್ತಲ್ಲ, ಅದನ್ನ ಕುತ್ತಿಗೆ ಹಿಂದೆ ಕೂದಲು ಬಿಡಿಸಿ ಸುರಿದೆ. ನಾಯಿ 20 ಕಿಲೋ, ಇವನು 4 ಕಿಲೋನೂ ಇಲ್ಲ, ಅದಕ್ಕೇ ಐದರಲ್ಲಿ ಒಂದು ಭಾಗ ಮಾತ್ರ ಹಾಕ್ದೆ. ಲೆಕ್ಕ ಸರಿ ಮಾಡಿದೀನಿ ಅಂತ ಸಮಾಧಾನ ಬೇರೆ ಇತ್ತು ನನಗೆ. ಆದ್ರೆ ಇದು ತೂಕದ ಲೆಕ್ಕಕ್ಕೆ ಬರೋ ವಿಷಯನೇ ಅಲ್ಲ. ನಾಯಿ ಲಿವರ್ ಆ ಪರ್ಮೆಥ್ರಿನ್‌ನ ಒಡೆದು ಹೊರಗೆ ಹಾಕುತ್ತೆ, ಬೆಕ್ಕಿನ ಲಿವರ್‌ಗೆ ಆ ಶಕ್ತಿ ತುಂಬಾ ಕಮ್ಮಿ, ಅದು ನರಗಳಲ್ಲೇ ಕೂತ್ಕೊಂಡು ಅವನ್ನ ಬಿಡುವಿಲ್ಲದೆ ಕೆಣಕ್ತಾ ಇರುತ್ತೆ. ನಾಯಿಗೆ ಬರೋ ಕೆಲವು ಡ್ರಾಪ್ಸಲ್ಲಿ ಇದು ನೂರಕ್ಕೆ 45ರಿಂದ 65ರಷ್ಟು ಇರುತ್ತೆ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ ಆಗೋದೂ ಲಿವರ್‌ನ ಇದೇ ಕೊರತೆಯಿಂದಾನೇ, ಜ್ವರ ಇದೆ, ಕಾಲು ನೋವಿದೆ ಅಂತ ಚೂರು ಮಾತ್ರೆ ಕೂಡ ಕೊಡ್ಬೇಡಿ, ಒಂದೇ ಮಾತ್ರೆಗೆ ಸತ್ತು ಹೋಗೋ ಬೆಕ್ಕುಗಳಿದಾವೆ.

ಶುರುವಾದಾಗ ನನಗೆ ಅರ್ಥನೇ ಆಗ್ಲಿಲ್ಲ. ರಾತ್ರಿ ಊಟದ ಹೊತ್ತಿಗೆ ಕಿವಿ ತುದಿ ಪಟ್ ಪಟ್ ಅಂತ ಅಲುಗಾಡ್ತಿತ್ತು, ನೊಣ ಕೂತಾಗ ಅಲ್ಲಾಡಿಸ್ತಾವಲ್ಲ ಹಂಗೆ. ಆಮೇಲೆ ಬೆನ್ನ ಚರ್ಮ ಅಲೆ ಅಲೆಯಾಗಿ ಏಳ್ತಿತ್ತು, ಒಂದೊಂದು ಹೆಜ್ಜೆಗೂ ಕಾಲು ಕೊಡವ್ತಿದ್ದ, ಅಂಗಾಲಿಗೆ ಏನೋ ಮೆತ್ಕೊಂಡಿದೆ ಅನ್ನೋ ಥರ. ಸ್ನಾನ ಮಾಡ್ಸಿದ್ದಕ್ಕೆ ಕೋಪ ಅಂದ್ಕೊಂಡು ಸುಮ್ಮನಾದೆ. ಹನ್ನೊಂದು ಗಂಟೆ ಹೊತ್ತಿಗೆ ಬಾಯಲ್ಲಿ ಜೊಲ್ಲು, ಕಣ್ಣು ಪೂರ್ತಿ ಕಪ್ಪು, ನಿಲ್ಲೋಕೆ ಆಗದೆ ಪಕ್ಕಕ್ಕೆ ಬಿದ್ದ, ನಾಲ್ಕೂ ಕಾಲು ಸೆಟೆದುಕೊಂಡು ಇಡೀ ಮೈ ಅದುರೋಕೆ ಶುರುವಾಯ್ತು. ನನ್ನ ಕೈಯೂ ಅಷ್ಟೇ ನಡುಗ್ತಿತ್ತು, ಫೋನಲ್ಲಿ ನಂಬರ್ ಒತ್ತೋಕೆ ಆಗ್ತಿರ್ಲಿಲ್ಲ.

ರಾತ್ರಿ ತೆರೆದಿರೋ ಕ್ಲಿನಿಕ್ ಒಂದು ಸಿಕ್ತು. ಡಾಕ್ಟ್ರಮ್ಮ ಕೇಳಿದ ಮೊದಲ ಪ್ರಶ್ನೆನೇ "ಮೈಗೆ ಏನಾದ್ರೂ ಹಾಕಿದ್ರಾ ಇವತ್ತು?" ಅಂತ. ಟ್ಯೂಬ್ ಮೇಲಿರೋದನ್ನ ಓದಿ ಹೇಳಿದೆ. "ಏನೂ ಮಾಡ್ಬೇಡಿ, ಬಾಯಿಗೆ ಏನೂ ಹಾಕ್ಬೇಡಿ, ಟವಲಲ್ಲಿ ಸುತ್ಕೊಂಡು ಈಗಿಂದೀಗ್ಲೇ ಬನ್ನಿ, ಆ ಟ್ಯೂಬೂ ತನ್ನಿ" ಅಂದ್ರು. ಅಲ್ಲಿ ಹೋದ ಮೇಲೆ ಫಿಟ್ಸ್ ನಿಲ್ಲೋಕೆ ಇಂಜೆಕ್ಷನ್, ಡ್ರಿಪ್, ಆಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ಕುತ್ತಿಗೆ ಬೆನ್ನು ಎಲ್ಲಾ ತೊಳೆದ್ರು. ಬಿಸಿನೀರು ಹಾಕ್ಬಾರ್ದಂತೆ, ಚರ್ಮದ ರಕ್ತನಾಳ ಅಗಲ ಆಗಿ ವಿಷ ಇನ್ನೂ ಜಾಸ್ತಿ ಒಳಗೆ ಹೋಗುತ್ತೆ. ತಣ್ಣೀರೂ ಬೇಡ. ಈ ವಿಷಕ್ಕೆ ಅಂತ ಪ್ರತಿಔಷಧಿ ಇಲ್ಲ, ನಡುಕ ತಡೆದು, ಮೈ ಬಿಸಿ ಏರದೇ ಇರೋ ಹಂಗೆ ನೋಡ್ಕೊಂಡು, ಅದು ದೇಹದಿಂದ ಹೋಗೋ ತನಕ ಬದುಕಿಸಿ ಇಟ್ಕೋಬೇಕು ಅಷ್ಟೇ, 2-3 ದಿನ ಹಿಡಿಯುತ್ತೆ. ಮನೇಲಿ ನಾಯಿ ಬೆಕ್ಕು ಎರಡೂ ಇರೋರು ಇನ್ನೊಂದು ತಿಳ್ಕೊಳ್ಳಿ, ನಾಯಿಗೆ ಹಾಕಿದ ಇದೇ ಔಷಧಿ ಒಣಗೋ ಮೊದಲು ಬೆಕ್ಕು ಅದರ ಮೈಗೆ ಒರಗಿ ಮಲಗಿದ್ರೂ, ನೆಕ್ಕಿದ್ರೂ ಹಿಂಗೇ ಆಗ್ಬಹುದು. ಎರಡು ಮೂರು ದಿನ ಬೇರೆ ಬೇರೆ ಇಡಿ.

ಮರುದಿನ ಬ್ಲಡ್ ರಿಪೋರ್ಟ್ ಬಂತು. ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಸೋಸಿ ಹೊರಗೆ ಹಾಕ್ಬೇಕಾದ ಕಶ್ಮಲ, 3.4ಕ್ಕೆ ಏರಿತ್ತು. ಮೂತ್ರದ ಸಾಂದ್ರತೆ 1.014. ಮೈಯಲ್ಲಿ ನೀರಿಲ್ಲದೆ ಒಣಗಿರೋ ಬೆಕ್ಕಿನ ಮೂತ್ರ ಗಟ್ಟಿ ಇರ್ಬೇಕು, 1.035ಕ್ಕಿಂತ ಮೇಲೆ ಇರ್ಬೇಕು, ಇವನದು ನೀರಿನ ಥರ ಇತ್ತು. ಅಂದ್ರೆ ಕಿಡ್ನಿಗೆ ನೀರು ಹಿಡಿದಿಟ್ಕೊಳ್ಳೋ ಶಕ್ತಿ ಹೋಗಿದೆ, ಎಷ್ಟು ಕುಡಿದ್ರೂ ಹೊರಗೆ ಹೋಗ್ತಾನೇ ಇದೆ, ಅದಕ್ಕೇ ಬಕೆಟ್ ಹತ್ರ ನಿಂತಿರ್ತಿದ್ದ. ಕ್ರಿಯಾಟಿನಿನ್ ಏರೋ ಹೊತ್ತಿಗೆ ಕಿಡ್ನಿಯ ಮುಕ್ಕಾಲು ಭಾಗ ಕೆಲಸ ನಿಂತಿರುತ್ತೆ ಅಂತ ಹೇಳಿದ್ರು. "ಚಿಗಟ ಇದೆ, ಹುಳನೂ ಇದೆ, ನೀವು ನೋಡಿದ್ದು ನಿಜಾನೇ ಮೇಡಂ, ಆದ್ರೆ ಲಾಡಿಹುಳಕ್ಕೆ ದೊಡ್ಡ ಬೆಕ್ಕು ಹಿಂಗೆ ಸವೆದು ಹೋಗಲ್ಲ" ಅಂದ್ರು. ಆ ಮಾತು ಇವತ್ತಿಗೂ ಕಿವೀಲೇ ಇದೆ. ಕಚ್ಚಾಟದ ಗಾಯಗಳಿದ್ವು ಅಂತ ಎಫ್‌ಐವಿ, ಎಫ್‌ಇಎಲ್‌ವಿ ಅನ್ನೋ ಬೆಕ್ಕಿನ ಎರಡು ವೈರಸ್‌ಗಳ ಟೆಸ್ಟನ್ನೂ ಮಾಡಿದ್ರು, ಪುಣ್ಯಕ್ಕೆ ಎರಡೂ ನೆಗೆಟಿವ್ ಬಂತು. ಎಫ್‌ಐವಿ ಹರಡೋದೇ ಹೆಚ್ಚಾಗಿ ಕಚ್ಚಿದ ಗಾಯದಿಂದ, ಜಗಳಗಂಟ ಗಂಡುಬೆಕ್ಕು ಇದ್ರೆ ಒಂದ್ಸಲ ಮಾಡ್ಸಿ.

ನಾಲ್ಕನೇ ದಿನ ಮನೆಗೆ ಕಳ್ಸಿದ್ರು, ಅಲ್ಲಿಗೆ ಕಷ್ಟ ಮುಗೀತು ಅಂದ್ಕೊಂಡೆ. ಆದ್ರೆ ನಾನು ಇನ್ನೊಂದು ತಪ್ಪು ಮಾಡಿದೆ. ಇನ್ಮೇಲೆ ಹೊರಗೇ ಬಿಡಲ್ಲ ಅಂತ ಹಠ ಹಿಡಿದು ಅವತ್ತೇ ಬಾಗಿಲು ಕಿಟಕಿ ಎಲ್ಲಾ ಮುಚ್ಚಿದೆ. ಹನ್ನೊಂದು ವರ್ಷ ಗೋಡೆ ಮೇಲೆ ಬದುಕಿದವನು. ಎರಡು ದಿನ ಬಾಗಿಲ ಮುಂದೆ ಕೂತು ಕೂಗಿದ, ಮೂತಿ ತಾಗಿಸಿ ತಾಗಿಸಿ ಮೂಗಿನ ತುದಿ ತರಚಿ ಹೋಗಿತ್ತು, ಏನೂ ತಿನ್ಲಿಲ್ಲ. ಟ್ರೇಗೆ ಹೋಗಿ ಕೂರ್ತಿದ್ದ, ಏಳ್ತಿದ್ದ, ಮತ್ತೆ ಕೂರ್ತಿದ್ದ, ಎರಡೇ ಹನಿ, ಅದೂ ಗುಲಾಬಿ ಬಣ್ಣ. ಮತ್ತೆ ಕ್ಲಿನಿಕ್ಕಿಗೆ ಓಡಿದ್ವಿ. ಸ್ಟ್ರೆಸ್ಸಿಂದಲೇ ಮೂತ್ರಕೋಶ ಊದ್ಕೊಳ್ಳುತ್ತೆ ಬೆಕ್ಕಿಗೆ, ಇನ್ಫೆಕ್ಷನ್ ಏನೂ ಇಲ್ಲದೇನೂ. ಗಂಡುಬೆಕ್ಕಿನ ಮೂತ್ರನಾಳ ಸಣ್ಣ, ಅದು ಕಟ್ಕೊಂಡ್ರೆ ಒಂದೆರಡು ದಿನದಲ್ಲೇ ಪ್ರಾಣ ಹೋಗುತ್ತೆ, ಕಿಡ್ನಿ ಮೊದಲೇ ಸೋತಿರೋನಿಗೆ ಅಷ್ಟೂ ಟೈಮ್ ಇರಲ್ಲ. ನಿಮ್ಮ ಗಂಡುಬೆಕ್ಕು ಟ್ರೇಯಲ್ಲಿ ಮುಕ್ಕರಿತಾ ಕೂತಿದೆ, ಏನೂ ಬರ್ತಿಲ್ಲ ಅಂದ್ರೆ ಮಲಬದ್ಧತೆ ಇರ್ಬೇಕು, ಬೆಳಗ್ಗೆ ನೋಡೋಣ ಅಂತ ಕಾಯ್ಬೇಡಿ. ಊಟ ಬಿಟ್ರೂ ಹಂಗೇನೇ, ಎರಡು ಮೂರು ದಿನ ತಿನ್ನದಿದ್ರೆ ಬೆಕ್ಕಿನ ಲಿವರ್‌ಗೆ ಕೊಬ್ಬು ತುಂಬ್ಕೊಂಡು ಅದೇ ಇನ್ನೊಂದು ಕಾಯಿಲೆ ಆಗುತ್ತೆ. ಗುಂಡನಿಗೆ ಕಟ್ಕೊಂಡಿರ್ಲಿಲ್ಲ, ಊದಿತ್ತು ಅಷ್ಟೇ. ನೋವಿಗೆ, ಹಸಿವಿಗೆ ಔಷಧಿ ಕೊಟ್ರು.

ಈ ಸಲ ಡಾಕ್ಟ್ರು ಹೇಳಿದ್ದನ್ನ ಮಾತ್ರ ಮಾಡ್ದೆ, ನನ್ನ ಬುದ್ಧಿ ಓಡಿಸ್ಲಿಲ್ಲ. ಒಂದೇ ರೂಮು ಅವನಿಗೆ ಬಿಟ್ಕೊಟ್ವಿ. ಎತ್ತರದಲ್ಲಿ ಕಿಟಕಿ ಹತ್ರ ಕೂರೋ ಜಾಗ, ಬಚ್ಚಿಟ್ಕೊಳ್ಳೋಕೆ ರಟ್ಟಿನ ಡಬ್ಬ, ಅದರೊಳಗೆ ಇದ್ದಾಗ ಯಾರೂ ಕೈ ಹಾಕ್ಬಾರ್ದು ಅಂತ ಮಕ್ಕಳಿಗೂ ಕಟ್ಟುನಿಟ್ಟು. ಟ್ರೇಯಲ್ಲಿ ಲಿಟರ್ ಜೊತೆ ಅವನು ಹೊರಗೆ ಕೆದಕ್ತಿದ್ದ ಜಾಗದ ಮಣ್ಣನ್ನೇ ಒಂದಿಷ್ಟು ಬೆರೆಸಿದೆ, ಆ ವಾಸನೆ ಸಿಕ್ಕ ಮೇಲೇನೇ ಅವನು ನೆಮ್ಮದಿಯಾಗಿ ಕೂತಿದ್ದು. ಅಗಲದ ನೀರಿನ ಬಟ್ಟಲು ಮೂರು ಕಡೆ, ಊಟದಿಂದ ದೂರ. ಸಂಜೆ ಅರ್ಧ ಗಂಟೆ ನಾನೇ ಜೊತೆಗಿದ್ದು ಅಂಗಳಕ್ಕೆ ಬಿಡ್ತೀನಿ, ಆ ಹೊಸ ಬೆಕ್ಕು ಕಂಡ್ರೆ ಒಳಗೆ ಕರ್ಕೊಂಡು ಬರ್ತೀನಿ. ಡಾಕ್ಟ್ರ ಹತ್ರ ಅವನನ್ನ ಕರ್ಕೊಂಡು ಹೋಗೋ ಕ್ಯಾರಿಯರ್ ಬುಟ್ಟಿ ಈಗ ಯಾವಾಗ್ಲೂ ರೂಮಲ್ಲೇ ತೆರೆದಿರುತ್ತೆ, ಅವನ ಹಳೇ ಬಟ್ಟೆ ಹಾಕಿದೀನಿ, ಮಧ್ಯಾಹ್ನ ಅದರಲ್ಲೇ ನಿದ್ದೆ. ಮೊದಲು ಅದನ್ನ ಅಟ್ಟದಿಂದ ಇಳಿಸೋ ಸದ್ದಿಗೇ ಓಡಿ ಹೋಗ್ತಿದ್ದ.

ಚಿಗಟಕ್ಕೆ ಬೆಕ್ಕಿಗೇ ಅಂತ ಇರೋ ಡ್ರಾಪ್ಸು, ಅವನ ತೂಕ ನೋಡಿ ಡಾಕ್ಟ್ರೇ ಬರ್ಕೊಟ್ಟಿದ್ದು, ತಿಂಗಳಿಗೊಂದು. ಮೈ ಮೇಲೆ ಕಾಣೋ ಚಿಗಟ ಸ್ವಲ್ಪನೇ, ಮೊಟ್ಟೆ, ಮರಿ, ಗೂಡು ಎಲ್ಲಾ ಅವನು ಮಲಗೋ ಜಾಗದಲ್ಲಿ ಉದುರಿರುತ್ತೆ, ಗೂಡೊಳಗೆ ಇರೋವು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾದು ಈಚೆ ಬರ್ತಾವೆ, ಅದಕ್ಕೇ ಕಮ್ಮಿ ಅಂದ್ರೂ ಮೂರು ತಿಂಗಳು ಬಿಡದೇ ಹಾಕ್ಬೇಕು, ಹಾಸಿಗೆನ ಬಿಸಿನೀರಲ್ಲಿ ಒಗೀಬೇಕು. ಲಾಡಿಹುಳಕ್ಕೆ ಮಾತ್ರೆ ಕೊಟ್ಟು ಚಿಗಟ ಬಿಟ್ರೆ ಹುಳ ಮತ್ತೆ ಬಂದೇ ಬರುತ್ತೆ. ಮುಖ್ಯವಾಗಿ, ಒಂದೇ ದಿನ ಎಲ್ಲಾ ಮಾಡ್ಬೇಡಿ. ಡ್ರಾಪ್ಸ್ ಹಾಕಿದ ವಾರ ಮಾತ್ರೆ ಇಲ್ಲ ನಮ್ಮಲ್ಲಿ, ಸ್ನಾನ ಅಂತೂ ಇಲ್ವೇ ಇಲ್ಲ.

ವಯಸ್ಸಾದ ಬೆಕ್ಕು ಇಳಿದು ಹೋಗ್ತಿದೆ ಅಂದ್ರೆ ಚಿಗಟ ಕಂಡ್ರೂ ಹುಳ ಕಂಡ್ರೂ ಮೊದಲು ರಕ್ತ ಮೂತ್ರ ಎರಡೂ ಟೆಸ್ಟ್ ಮಾಡ್ಸಿ. ಏಳೆಂಟು ವರ್ಷ ದಾಟಿದ್ರೆ ವರ್ಷಕ್ಕೊಂದ್ಸಲ ಸುಮ್ಮನೆ ಆದ್ರೂ ಮಾಡ್ಸಿ. ಮನೇಲಿ ಅಡುಗೆ ತಕ್ಕಡಿ ಇದ್ರೆ ಅದರ ಮೇಲೆ ಒಂದು ಬುಟ್ಟಿ ಇಟ್ಟು ವಾರಕ್ಕೊಮ್ಮೆ ತೂಗಿ ಬರ್ದಿಡಿ. 4 ಕಿಲೋ ಬೆಕ್ಕು 400 ಗ್ರಾಂ ಕಳ್ಕೊಂಡ್ರೆ ಮೈಯ ಹತ್ತರಲ್ಲಿ ಒಂದು ಪಾಲು ಹೋಯ್ತು ಅಂತ ಅರ್ಥ, ಕಣ್ಣಿಗೆ ಅದು ಕಾಣೋದೇ ಇಲ್ಲ, ಕೂದಲು ಮುಚ್ಚಿರುತ್ತೆ.

ಮೂರು ವಾರ ಬಿಟ್ಟು ಮತ್ತೆ ನೋಡಿದಾಗ ಕ್ರಿಯಾಟಿನಿನ್ 2.7ಕ್ಕೆ ಇಳಿದಿತ್ತು, ಅಂದ್ರೆ ಕಿಡ್ನಿ ಕಾಯಿಲೆಯ ಎರಡನೇ ಹಂತ. ಹೋದ ಕಿಡ್ನಿ ವಾಪಸ್ ಬರಲ್ಲ, ಉಳಿದಿರೋದನ್ನ ಕಾಪಾಡ್ಕೋಬೇಕು, ಕಿಡ್ನಿಗೆ ಅಂತ ಬರೋ ಊಟ, ದಿನ ಬಿಟ್ಟು ದಿನ ಚರ್ಮದ ಕೆಳಗೆ 100 ಎಂಎಲ್ ಡ್ರಿಪ್. ಡ್ರಿಪ್ ಹಾಕೋದನ್ನ ನನಗೇ ಕಲಿಸಿದ್ರು. ಮೊದಲ ದಿನ ಸೂಜಿ ಹಿಡಿದು ಅತ್ತಿದ್ದೆ, ಈಗ ಅವನು ತೊಡೆ ಮೇಲೆ ಮಲಗಿರ್ತಾನೆ, ನಾನು ಬಾಟ್ಲಿ ನೋಡ್ತಾ ಕೂತಿರ್ತೀನಿ, ಹತ್ತು ನಿಮಿಷದಲ್ಲಿ ಭುಜದ ಹತ್ರ ಚಿಕ್ಕ ದಿಂಬಿನ ಥರ ಊದಿರುತ್ತೆ, ಅದನ್ನ ಹೊತ್ಕೊಂಡೇ ಇಳಿದು ಕಿಟಕಿಗೆ ಹೋಗ್ತಾನೆ. ನಿನ್ನೆ ತೂಕ 3.5 ಕಿಲೋ. ಹೋದ ವಾರ 3.4 ಇತ್ತು.