ಅರಿಶಿನದ ಬೆಳಕು ನೋಡಲು 365ರ ಯುವಿ ಟಾರ್ಚ್

ಪಿಯುಸಿ ಹುಡುಗರಿಗೆ ಕೆಮಿಸ್ಟ್ರಿ ಹೇಳುವವರು ಈ ವರ್ಷ ಒಂದೇ ಸಾಮಾನು ಕೊಳ್ಳುವುದಾದರೆ, ಕಪ್ಪು ಗಾಜಿನ ಫಿಲ್ಟರ್ ಇರುವ, 365 ನ್ಯಾನೋಮೀಟರ್ ತರಂಗಾಂತರದ ಯುವಿ (ಅತಿನೇರಳೆ) ಟಾರ್ಚ್ ಕೊಳ್ಳಿ. ಬಳ್ಳಾರಿಗೆ ಆನ್‌ಲೈನ್‌ನಲ್ಲೇ ತರಿಸಿಕೊಂಡೆ, ಸಾವಿರ ರೂಪಾಯಿ ಆಸುಪಾಸು. ನೋಟು ನೋಡುವ 395ರ ಟಾರ್ಚ್ ನಮ್ಮ ಲ್ಯಾಬ್‌ನಲ್ಲಿ ಮೊದಲಿಂದಲೂ ಇತ್ತು. ಅದರಲ್ಲೂ ಅರಿಶಿನ ಚೆನ್ನಾಗಿಯೇ ಹೊಳೆಯುತ್ತದೆ. ಆದರೆ ಟಾರ್ಚಿನ ನೇರಳೆ ಬೆಳಕೇ ಕಣ್ಣು ತುಂಬಿಬಿಡುತ್ತದೆ, ಬಣ್ಣದ ಸಣ್ಣ ವ್ಯತ್ಯಾಸ ಮುಚ್ಚಿಹೋಗುತ್ತದೆ. ನಮಗೆ ಬೇಕಾದದ್ದೇ ಆ ವ್ಯತ್ಯಾಸ, ಅಲ್ವಾ?

ಮೂರು ಪ್ರನಾಳಗಳಿಗೆ ಚಿಟಿಕೆ ಅರಿಶಿನ ಹಾಕಿ. ಒಂದಕ್ಕೆ ಸರ್ಜಿಕಲ್ ಸ್ಪಿರಿಟ್, ಒಂದಕ್ಕೆ ಕೊಬ್ಬರಿ ಎಣ್ಣೆ, ಒಂದಕ್ಕೆ ನೀರು. ಅಲುಗಾಡಿಸಿ, ಪುಡಿ ತಳ ಸೇರುವವರೆಗೆ ಬಿಡಿ. ಹಗಲು ಬೆಳಕಲ್ಲಿ ಎಲ್ಲವೂ ಹಳದಿಯೇ. ಕಿಟಕಿ ಮುಚ್ಚಿ ಟಾರ್ಚ್ ಹಾಕಿದರೆ ಸ್ಪಿರಿಟ್ ಹಳದಿ ಮಿಶ್ರಿತ ಹಸಿರಾಗಿ ಹೊಳೆಯುತ್ತದೆ. ಎಣ್ಣೆಯ ಬೆಳಕು ಹಸಿರಿನ ಕಡೆಗೇ ಉಳಿಯುತ್ತದೆ. ನೀರು ಮಂಕು. ಜೀನ್ಸ್ ಯೂನಿಟ್ ಮನೆಯ ಹುಡುಗನೊಬ್ಬ ತಕ್ಷಣ ಕೇಳಿದ: "ಸರ್, ಅರಿಶಿನ ಒಂದೇ, ಬೆಳಕು ಯಾಕೆ ಬೇರೆ ಆಯ್ತು?" ಪಾಠ ಅಲ್ಲಿಂದಲೇ ಶುರುವಾಯಿತು.

ಅರಿಶಿನಕ್ಕೆ ಹಳದಿ ಬಣ್ಣ ಕೊಡುವುದು ಕರ್ಕ್ಯುಮಿನ್. ಬೆಳಕು ಹೀರಿದ ಮೇಲೆ ಅದರ ಅಣುವಿನೊಳಗೆ ಎಲೆಕ್ಟ್ರಾನುಗಳು ಜಾಗ ಬದಲಿಸುತ್ತವೆ. ಸುತ್ತಲಿನ ಸ್ಪಿರಿಟ್ ಅಣುಗಳು ಅದಕ್ಕೆ ತಕ್ಕಂತೆ ತಿರುಗಿ ನಿಲ್ಲುತ್ತವೆ, ಅಣುವಿನ ಶಕ್ತಿ ಒಂದಿಷ್ಟು ಇಳಿಯುತ್ತದೆ. ಉಳಿದ ಶಕ್ತಿಯಷ್ಟೇ ಬೆಳಕಾಗಿ ಬರುವುದರಿಂದ ಅದು ಹಸಿರಿಗಿಂತ ಕಡಿಮೆ ಶಕ್ತಿಯ ಹಳದಿ ಕಡೆಗೆ ಜರುಗುತ್ತದೆ. ಎಣ್ಣೆಗೆ ಅಷ್ಟು ಧ್ರುವೀಯತೆ (ಅಣುವಿನ ಒಂದು ಕಡೆ ಧನ, ಇನ್ನೊಂದು ಕಡೆ ಋಣ ಆವೇಶ ವಾಲಿರುವ ಗುಣ) ಇಲ್ಲ, ಅದಕ್ಕೇ ಅದರ ಬೆಳಕು ಅಷ್ಟು ಜರುಗುವುದಿಲ್ಲ. ನೀರಿನಲ್ಲಿ ಕರ್ಕ್ಯುಮಿನ್ ಕರಗುವುದೇ ಕಡಿಮೆ, ಕರಗಿದ್ದೂ ಹೀರಿದ ಶಕ್ತಿಯನ್ನು ಹೆಚ್ಚಾಗಿ ಶಾಖವಾಗಿ ಕಳೆದುಕೊಳ್ಳುತ್ತದೆ.

ಟಾರ್ಚೇ ಬೇಡದ ಬಣ್ಣವೂ ಇದೆ. ರೈಕಾರ್ಟ್ ಡೈ ಮೆಥನಾಲ್‌ನಲ್ಲಿ ಕೆಂಪು, ಎಥನಾಲ್‌ನಲ್ಲಿ ನೇರಳೆ, ಅಸಿಟೋನ್‌ನಲ್ಲಿ ಹಸಿರು. ದ್ರಾವಕಗಳ ಧ್ರುವೀಯತೆ ಅಳೆಯುವ ಒಂದು ಮಾಪಕವನ್ನೇ ಅದರಿಂದ ಕಟ್ಟಿದ್ದಾರೆ. ಆದರೆ ಕಾಲೇಜಿನ ಲ್ಯಾಬಿಗೆ ಅದು ದುಬಾರಿ, ಅರಿಶಿನವೇ ಸಾಕು.

ಟಾರ್ಚಿನಲ್ಲಿ ಕೊರತೆ ಅಂದರೆ ಬಿಸಿ. ಸ್ವಲ್ಪ ಹೊತ್ತು ಉರಿದರೆ ಹಿಡಿ ಸುಡುತ್ತದೆ, ಅದರಲ್ಲೂ ನಮ್ಮ ಏಪ್ರಿಲ್‌ನಲ್ಲಿ. ನಡುನಡುವೆ ಆರಿಸಿ. ಹುಡುಗರ ಕಣ್ಣಿಗೆ ಯುವಿ ತಡೆಯುವ ಕನ್ನಡಕ ಇರಲೇಬೇಕು, ಟಾರ್ಚ್ ನಿಮ್ಮ ಕೈಯಲ್ಲೇ ಇರಲಿ. ಸ್ಪಿರಿಟ್ ತೆರೆದಿರುವಾಗ ಬರ್ನರ್ ಹಚ್ಚಬೇಡಿ.