ಲಯನ್ ಸ್ಟೌಟ್: ಐಸ್‌ನಿಂದ ಹೊರಗಿಟ್ಟು ಕುಡಿಯಬೇಕಾದ ಬಿಯರ್

ಸ್ಟೌಟ್ ಅಂದರೆ ಕಪ್ಪಗೆ ಹುರಿದ ಧಾನ್ಯದಿಂದ ಮಾಡುವ ಗಾಢ ಬಿಯರ್. ಶ್ರೀಲಂಕಾದ ಲಯನ್ ಸ್ಟೌಟ್ ಬಾಟಲಿ ಮೇಲೆ ಶೇಕಡಾ 8.8 ಆಲ್ಕೋಹಾಲ್ ಅಂತ ಬರೆದಿರುತ್ತದೆ. ಆ ಅಂಕಿ ನೋಡಿದ ಕೂಡಲೇ ಬಹಳ ಜನ ಇದನ್ನು ‘ಸ್ಟ್ರಾಂಗ್’ ಸಾಲಿಗೆ ಸೇರಿಸಿ, ಚೆನ್ನಾಗಿ ಚಿಲ್ ಮಾಡಿ ಗಟಗಟ ಕುಡಿದು ಮುಗಿಸುತ್ತಾರೆ. ಹಾಗೆ ಕುಡಿದರೆ ಏರುವುದು ಅಮಲು ಮಾತ್ರ, ಬಿಯರಿನ ರುಚಿ ಸಿಗುವುದಿಲ್ಲ.

ಚಿಕ್ಕಮಗಳೂರಿನಲ್ಲಿ ಕಾಫಿ ಹುರಿದು ಪುಡಿ ಮಾಡಿ ಮಾರುವುದು ನನ್ನ ಕಸುಬು. ಡ್ರಮ್ಮಿನ ಮುಂದೆ ನಿಂತು ಬೀಜ ಚಿಟಚಿಟ ಅನ್ನುವುದನ್ನು ಕೇಳುತ್ತಾ, ಘಮ ಹೇಗೆ ತಿರುಗುತ್ತಿದೆ ಅಂತ ಮೂಸುತ್ತಾ, ಯಾವ ಕ್ಷಣಕ್ಕೆ ಕೆಳಗಿಳಿಸಬೇಕು ಅಂತ ನಿರ್ಧರಿಸುವುದೇ ದಿನದ ಕೆಲಸ. ಅರ್ಧ ನಿಮಿಷ ಆಚೀಚೆ ಆದರೆ ಹದ ಕೆಟ್ಟು ಸೀದ ಕಹಿ ಬಂದುಬಿಡುತ್ತದೆ. ಹಾಗಾಗಿ ಯಾವ ಸ್ಟೌಟ್ ಕೈಗೆ ಬಂದರೂ ನಾನು ಮೊದಲು ನೋಡುವುದು ಹುರಿದ ಹದವನ್ನೇ. ಕಾಫಿ ಮತ್ತು ಬಿಯರ್, ಈ ಎರಡು ಕಸುಬುಗಳ ನೆಂಟಸ್ತಿಕೆಯೂ ಹಳೆಯದು. 1817ರಲ್ಲಿ ಇಂಗ್ಲೆಂಡಿನ ಡೇನಿಯಲ್ ವೀಲರ್ ಮಾಲ್ಟ್ (ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ) ಹುರಿಯುವ ಯಂತ್ರವೊಂದಕ್ಕೆ ಪೇಟೆಂಟ್ ಪಡೆದ. ತಿರುಗುವ ಆ ಡ್ರಮ್ ಹೆಚ್ಚುಕಡಿಮೆ ಕಾಫಿ ಹುರಿಯುವ ಡ್ರಮ್ಮೇ. ಮಾಲ್ಟನ್ನು 200 ಡಿಗ್ರಿ ಸೆಲ್ಸಿಯಸ್ ದಾಟಿಸಿ, ಬೂದಿಯಾಗಲು ಬಿಡದೆ ಕಪ್ಪಗೆ ಹುರಿಯುವುದು ಅದರಿಂದ ಸುಲಭವಾಯಿತು. ಆಮೇಲೆ ಬಿಳಿ ಮಾಲ್ಟ್‌ಗೆ ಒಂದಿಷ್ಟು ಕಪ್ಪು ಮಾಲ್ಟ್ ಬೆರೆಸಿದರೆ ಸಾಕು, ಇಡೀ ಬಿಯರ್ ಕಪ್ಪಾಗುತ್ತಿತ್ತು. ಇವತ್ತಿನ ಸ್ಟೌಟ್‌ಗಳೆಲ್ಲ ಆ ಡ್ರಮ್ಮಿನ ಋಣದಲ್ಲಿವೆ.

ಲಯನ್ ನನಗೆ ಸಿಕ್ಕಿದ್ದು ಕೊಲಂಬೊದಲ್ಲಿರುವ ಅಕ್ಕನ ಮನೆಗೆ ಹೋದಾಗ. ಅಲ್ಲಿನ ಒಂದು ರೆಸ್ಟೋರೆಂಟಿನಲ್ಲಿ ಫ್ರೀಜರಿನಿಂದ ತೆಗೆದ, ಹೊರಗೆಲ್ಲ ಮಂಜು ಹಿಡಿದ ಮಗ್ಗಿಗೆ ಸುರಿದು ಕೊಟ್ಟರು. ತಣ್ಣಗಿತ್ತು, ಸ್ವಲ್ಪ ಸಿಹಿ ಇತ್ತು, ಅಷ್ಟೇ. ಮಾರನೇ ದಿನ ಮನೆಯಲ್ಲಿ ಭಾವ ಫ್ರಿಜ್‌ನಿಂದ ಬಾಟಲಿ ತೆಗೆದು ಓಪನರ್ ಹುಡುಕುತ್ತಿದ್ದಾಗ, “ಭಾವ, ಒಂದರ್ಧ ಗಂಟೆ ಟೇಬಲ್ ಮೇಲೆ ಹಾಗೇ ಬಿಡಿ” ಅಂದೆ. “ಈ ಸೆಕೆಯಲ್ಲಿ ಬೆಚ್ಚಗಿನ ಬಿಯರ್ ಕುಡೀತೀಯಾ?” ಅಂತ ಕೇಳಿದರು. ಬೆಚ್ಚಗಾಗುವುದು ಬೇಡ, ಕೊರೆಯುವ ಥಂಡಿ ಬಿಟ್ಟುಹೋದರೆ ಸಾಕು. 12 ಡಿಗ್ರಿಯ ಆಸುಪಾಸು ಬಂದರೆ ಹದ.

ಸುರಿದಾಗ ಎದ್ದ ನೊರೆ ಗಾಢ ಕಂದು, ಒತ್ತಾಗಿ ನಿಂತಿತು, ಅವಸರದಲ್ಲಿ ಇಳಿಯಲಿಲ್ಲ. ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಮಾತ್ರ ಚೂರು ಕೆಂಪು, ಉಳಿದಂತೆ ಬೆಳಕು ತೂರದ ಕಪ್ಪು. ಮೂಗಿಗೆ ಮೊದಲು ಬಂದದ್ದು ಒಣದ್ರಾಕ್ಷಿ ಮತ್ತು ಜೋನಿ ಬೆಲ್ಲ, ಅದರ ಹಿಂದೆ ಕೋಕೋ, ಕಾಫಿ ಕೊನೆಗೆ. ಗುಟುಕು ಬಾಯಿಗೆ ಹೋದಾಗ ನಾಲಿಗೆ ತುಂಬ ಹರಡುವ ದಪ್ಪ ಇದೆ. ನಡುವೆ ಖರ್ಜೂರದ ಸಿಹಿ ಬಂತು. ಇನ್ನು ಇದು ಸಿಹಿಯಾಗಿಯೇ ಮುಗಿಯುತ್ತದೆ ಅಂದುಕೊಳ್ಳುವಷ್ಟರಲ್ಲಿ ಹುರಿದ ಕಹಿ ಎದ್ದು ಅದನ್ನು ಕಟ್ಟಿ ಹಾಕಿತು. ಆ ಕಹಿ ಶುದ್ಧವಾಗಿದೆ. ಸೀದದ್ದಲ್ಲ, ಇದ್ದಿಲಿನದಲ್ಲ. ಬೀಜದಲ್ಲಿ ಎಣ್ಣೆ ಮೇಲೆ ಬರುವುದಕ್ಕೆ ತುಸು ಮುಂಚೆ ಇಳಿಸಿದ ಡಾರ್ಕ್ ರೋಸ್ಟಿನ ಕಹಿ. 8.8ರ ಬಿಸಿ ಗಂಟಲಿಗೆ ಕಚ್ಚುವುದಿಲ್ಲ. ನುಂಗಿದ ಮೇಲೆ ಎದೆಯಲ್ಲಿ ನಿಧಾನಕ್ಕೆ ತಿಳಿಯುತ್ತದೆ.

ಕಾಫಿ ಕಪ್ಪಿಂಗ್, ಅಂದರೆ ರುಚಿ ಪರೀಕ್ಷೆ ಮಾಡುವಾಗ ಒಂದೇ ಬಟ್ಟಲನ್ನು ಬಿಸಿಯಲ್ಲಿ ಒಮ್ಮೆ, ಉಗುರುಬೆಚ್ಚಗಾದಾಗ ಒಮ್ಮೆ, ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಚಮಚದಲ್ಲಿ ಸೊರ್ ಎಂದು ಎಳೆದು ನೋಡುತ್ತೇವೆ. ಬಿಸಿಯಲ್ಲಿ ಅಡಗಿದ್ದ ದೋಷ ಆರಿದಾಗ ಹೊರಬೀಳುತ್ತದೆ. ಸ್ಟೌಟ್‌ನಲ್ಲಿ ದಾರಿ ಉಲ್ಟಾ. ಥಂಡಿಯಲ್ಲಿ ಅಡಗಿದ್ದೆಲ್ಲ ಬಿಸಿಯೇರುತ್ತಾ ಬಾಯಿ ಬಿಡುತ್ತದೆ. ಕಳಪೆ ಸ್ಟ್ರಾಂಗ್ ಬಿಯರನ್ನು ಹಾಗೆ ಬಿಟ್ಟರೆ ಸ್ಪಿರಿಟ್ಟಿನ ಘಾಟು ಎದ್ದು ಮುಖ ಹಿಂಡಬೇಕಾಗುತ್ತದೆ. ಲಯನ್ ಕೊನೆಯ ಗುಟುಕಿನವರೆಗೂ ಬೆಳೆಯುತ್ತಲೇ ಹೋಯಿತು. ಗಾಢ ಚಾಕೊಲೇಟಿನ ರುಚಿ ಸ್ಪಷ್ಟವಾಗಿ ಸಿಕ್ಕಿದ್ದು ಗ್ಲಾಸು ಮುಕ್ಕಾಲು ಖಾಲಿಯಾದ ಮೇಲೆಯೇ. ನನ್ನ ಮಟ್ಟಿಗೆ ಒಂದು ಸ್ಟೌಟನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ತಾಳೆ ನೋಡಲು ಲಂಡನ್ನಿನಿಂದ ಬಂದ ಗೆಳೆಯ ತಂದ ಗಿನ್ನೆಸ್ ಫಾರಿನ್ ಎಕ್ಸ್‌ಟ್ರಾ ಸ್ಟೌಟ್ ಇತ್ತು, ಶೇಕಡಾ 7.5ರದ್ದು. ಡಬ್ಲಿನ್‌ನ ಗಿನ್ನೆಸ್ ಕಂಪನಿ 1801ರಲ್ಲಿ ವೆಸ್ಟ್ ಇಂಡೀಸ್ ಪೋರ್ಟರ್ (ಪೋರ್ಟರ್ ಕೂಡ ಸ್ಟೌಟ್‌ಗೆ ನೆಂಟನಾದ ಕಪ್ಪು ಬಿಯರೇ) ಅಂತ ಶುರುಮಾಡಿದ್ದೇ ಇದರ ಮೂಲ. ತಿಂಗಳುಗಟ್ಟಲೆ ಹಡಗಿನಲ್ಲಿ ಕೆಡದೆ ಉಳಿಯಲೆಂದು ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವು) ಮತ್ತು ಆಲ್ಕೋಹಾಲ್ ಎರಡನ್ನೂ ಏರಿಸಿದ್ದರು. ಪಬ್ಬುಗಳಲ್ಲಿ ಸಿಗುವ 4.2ರ ನುಣುಪು ಡ್ರಾಫ್ಟ್ ಗಿನ್ನೆಸ್ ಕುಡಿದವರಿಗೆ ಇದು ಬೇರೆಯೇ ಬಿಯರ್ ಅನ್ನಿಸುತ್ತದೆ. ಮೊಳಕೆ ಕಟ್ಟದೆ ನೇರವಾಗಿ ಹುರಿದ ಬಾರ್ಲಿಯಿಂದ ಬರುವ ಒಣ ಕಹಿ, ಜೊತೆಗೆ ತೆಳು ಹುಳಿ, ಕೊನೆಗೆ ಒಗರು. ಚಿಕೋರಿ ಬೆರೆಸದ ಕಟು ಕಾಫಿಯನ್ನು ಹಾಲು, ಸಕ್ಕರೆ ಇಲ್ಲದೆ ಕುಡಿಯುವವರಿಗೆ ಗಿನ್ನೆಸ್ ಒಗ್ಗುತ್ತದೆ. ಸಿಹಿಗೆ ಜಾಗ ಕೊಡದ ಕಟ್ಟುನಿಟ್ಟಿನ ವಿಷಯಕ್ಕೆ ಬಂದರೆ ಗಿನ್ನೆಸ್ ಒಂದು ಕೈ ಮೇಲೆ ಅಂತಲೇ ಹೇಳುತ್ತೇನೆ. ಆದರೆ ಹಣ್ಣಿನ ಆಳ, ಮೈಯ ತೂಕ ಇರುವುದು ಲಯನ್‌ನಲ್ಲಿ. ಬಿಯರ್ ಬಲ್ಲವರು ಲಯನ್ ಅನ್ನು ಟ್ರಾಪಿಕಲ್ ಸ್ಟೌಟ್, ಅಂದರೆ ಬಿಸಿಲ ನಾಡುಗಳ ಸಿಹಿಯಾದ, ಸ್ಟ್ರಾಂಗ್ ಸ್ಟೌಟ್‌ಗಳ ಗುಂಪಿಗೆ ಸೇರಿಸುತ್ತಾರೆ. ಜಮೈಕಾದ ಡ್ರ್ಯಾಗನ್ ಸ್ಟೌಟ್ ಕೂಡ ಅದೇ ಬಳಗದ್ದು. ಇಂಗ್ಲೆಂಡಿನ ಬಿಯರ್ ಬರಹಗಾರ ಮೈಕಲ್ ಜಾಕ್ಸನ್ (ಗಾಯಕನಲ್ಲ, ಈತ ಬೇರೆ) ಲಯನ್ ಸ್ಟೌಟನ್ನು ಬಹಳ ಮೆಚ್ಚಿ ಹೊರಜಗತ್ತಿಗೆ ಪರಿಚಯಿಸಿದವರು.

ಇದರ ತವರು ನುವಾರ ಎಲಿಯ, ಸಮುದ್ರಮಟ್ಟದಿಂದ 1,800 ಮೀಟರಿಗೂ ಎತ್ತರದ ಗುಡ್ಡದೂರು. ಅಲ್ಲಿ ಸಿಲೋನ್ ಬ್ರೂವರಿ ಶುರುವಾದದ್ದು 1881ರಲ್ಲಿ. ನನ್ನ ಕಸುಬಿನವರಿಗೆ ಆ ಕಾಲ ಬೇರೆ ಕಾರಣಕ್ಕೆ ನೆನಪಿರಬೇಕು. 1869ರಲ್ಲಿ ಸಿಲೋನಿನ ಕಾಫಿಗೆ ಎಲೆ ತುಕ್ಕು ರೋಗ ಬಿದ್ದು ತೋಟಗಳು ಮಲಗಿದವು, ಆ ಜಾಗಕ್ಕೆ ಟೀ ಬಂತು. ಅದೇ ತುಕ್ಕು ನಮ್ಮ ಕಡೆಗೂ ಬಂದು ಅರೇಬಿಕಾ ಕಾಫಿಯನ್ನು ಇವತ್ತಿಗೂ ಕಾಡುತ್ತಿದೆ. ಕಾಫಿ ಕಳೆದುಕೊಂಡ ಗುಡ್ಡದಲ್ಲಿ ಬೇರೂರಿದ ಬಿಯರಿನಲ್ಲಿ ಕಾಫಿಯ ಘಮ ಸಿಕ್ಕಾಗ ನನಗೆ ಸುಮ್ಮನೆ ದಾಟಿ ಹೋಗಲು ಆಗಲಿಲ್ಲ. ಈಗ ತಯಾರಾಗುವುದು ಬೆಟ್ಟದ ಮೇಲಲ್ಲ, ಕೊಲಂಬೊ ಹತ್ತಿರದ ಬಿಯಗಮದಲ್ಲಿ.

ಕೊರತೆ ಇಲ್ಲವೇ ಅಂದರೆ, ಇದೆ. ಎರಡನೇ ಗ್ಲಾಸಿಗೆ ಸಿಹಿ ಭಾರವಾಗುತ್ತದೆ. 625 ಎಂಎಲ್‌ನ ದೊಡ್ಡ ಬಾಟಲಿ ಒಬ್ಬರಿಗೆ ಅತಿಯಾಯಿತು, ಇಬ್ಬರು ಹಂಚಿಕೊಂಡರೆ ಸರಿ. ನೆಂಚಿಕೊಳ್ಳಲು ಅಲ್ಲಿನವರು ಇಷ್ಟಪಡುವ ಡೆವಿಲ್ಡ್ ಪೋರ್ಕ್ (ಖಾರವಾಗಿ ಹುರಿದ ಹಂದಿಮಾಂಸ) ಭಾವ ತಂದಿಟ್ಟರು. ಮೆಣಸಿನಕಾಯಿ ಖಾರಕ್ಕೆ ಆಲ್ಕೋಹಾಲಿನ ಬಿಸಿಯೂ ಸೇರಿ ಬಾಯಿ ಉರಿದು, ಬಿಯರಿನ ರುಚಿ ಪೂರ್ತಿ ಮುಚ್ಚಿಹೋಯಿತು. ಉಪ್ಪು ಹಾಕಿ ಹುರಿದ ಗೋಡಂಬಿ ವಾಸಿ. ಎಲ್ಲಕ್ಕಿಂತ ಒಪ್ಪಿದ್ದು ವಟಲಪ್ಪಂ: ತೆಂಗಿನಹಾಲು, ಮೊಟ್ಟೆ, ಕಿತುಳ್ ಬೆಲ್ಲ ಹಾಕಿ ಹಬೆಯಲ್ಲಿ ಬೇಯಿಸಿದ ಸಿಹಿ. ಕಿತುಳ್ ಅಂದರೆ ಮಲೆನಾಡಿನ ಬಗನಿ ಮರವೇ. ಆ ಬೆಲ್ಲದ ಹೊಗೆವಾಸನೆಗೂ ಸ್ಟೌಟಿನ ಹುರಿದ ಕಹಿಗೂ ಅದೆಂಥ ಹೊಂದಾಣಿಕೆ! ಅಕ್ಕ ಮಾಡಿದ್ದ ಇಡೀ ಬಟ್ಟಲು ಅವತ್ತೇ ಖಾಲಿಯಾಯಿತು.

ಕೊಳ್ಳುವವರಿಗೆ ಒಂದೆರಡು ಮಾತು. ಪೋಯ ದಿನ, ಅಂದರೆ ಪ್ರತಿ ಹುಣ್ಣಿಮೆಗೆ ಶ್ರೀಲಂಕಾದಲ್ಲಿ ಮದ್ಯ ಮಾರಾಟ ಬಂದ್. ಟಿಕೆಟ್ ಮಾಡಿಸುವಾಗಲೇ ಕ್ಯಾಲೆಂಡರ್ ನೋಡಿಕೊಳ್ಳಿ. ಅಂಗಡಿಯಲ್ಲಿ ಬಿಸಿಲಿಗೆ ಇಟ್ಟ ಬಾಟಲಿ ಬೇಡ, ಒಳಗಿನಿಂದ ತೆಗೆಸಿ ತಾರೀಖು ನೋಡಿ ತೆಗೆದುಕೊಳ್ಳಿ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ ಮದ್ಯ ಒಬ್ಬರಿಗೆ 2 ಲೀಟರ್, ಅಂದರೆ ಈ ದೊಡ್ಡ ಬಾಟಲಿ ಮೂರು ಹಿಡಿಸುತ್ತವೆ. ಹ್ಯಾಂಡ್ ಬ್ಯಾಗಿನಲ್ಲಿ ಬಿಡುವುದಿಲ್ಲ, ಪಂಚೆಯಲ್ಲೋ ಟವೆಲಿನಲ್ಲೋ ದಪ್ಪಗೆ ಸುತ್ತಿ ಸೂಟ್‌ಕೇಸಿನ ನಡುವೆ ಇಡಿ.