ಬೋರ್ಡೋ ದ್ರಾವಣ: ಡೌನಿಗೆ ನನ್ನ ಮೊದಲ ಆಯ್ಕೆ

ದ್ರಾಕ್ಷಿಯ ಬೂಜು ತುಪ್ಪಟ ರೋಗಕ್ಕೆ, ಅಂದರೆ ಡೌನಿಗೆ, ನಾನು ಇವತ್ತಿಗೂ ನಂಬುವುದು 1885ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ ಲೋಕಕ್ಕೆ ತಿಳಿಸಿದ ಬೋರ್ಡೋ ದ್ರಾವಣವನ್ನೇ. ಶೇ. 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕಲಸುತ್ತೇನೆ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ. ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಈ ಪರೀಕ್ಷೆ ಬಿಡಲೇಬೇಡಿ, ಇಲ್ಲದಿದ್ದರೆ ಎಲೆ ಸುಡುತ್ತದೆ.

ರೋಗ ತರುವ ಪ್ಲಾಸ್ಮೊಪಾರ ವಿಟಿಕೋಲಾ ಎಂಬ ಸೂಕ್ಷ್ಮಜೀವಿ ನಿಜವಾದ ಶಿಲೀಂಧ್ರವಲ್ಲ. ಅದರ ಬೀಜಾಣುಗಳು ನೀರಲ್ಲಿ ಈಜುತ್ತವೆ. ಎಲೆ ಒದ್ದೆಯಿದ್ದಾಗ ಅಡಿಯ ಸಣ್ಣ ರಂಧ್ರಗಳಿಂದ ಒಳಗೆ ನುಗ್ಗುತ್ತವೆ. ಒಳಹೊಕ್ಕ ಮೇಲೆ ಬೋರ್ಡೋ ಹೊಡೆದರೆ ಸುಮ್ನೆ ದಂಡ. ಮಳೆಗೆ ಮೊದಲೇ, ಎಲೆಯ ಅಡಿಭಾಗಕ್ಕೂ ತಾಗುವಂತೆ ಹೊಡೆಯಬೇಕು. ಜಾಸ್ತಿ ಬಳಸಿದರೆ ತಾಮ್ರ ಮಣ್ಣಲ್ಲಿ ಸೇರುತ್ತಾ ಹೋಗುತ್ತದೆ, ನನಗೆ ಅದೊಂದೇ ಚಿಂತೆ.